ಕೆಂಚನ ದವಡೆ ಹಲ್ಲಿನ ಚಕ್ಕೆ ಎದ್ದಿದೆ: ಕೀಳಿಸಬೇಕಾ, ಉಳಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ನಮ್ಮ ನಾಯಿ ಕೆಂಚನಿಗೆ ಮೂರು ವರ್ಷ, ಲ್ಯಾಬ್ರಡಾರ್ ಮಿಶ್ರ ತಳಿ. ಹತ್ತು ದಿನದ ಹಿಂದೆ ಹಂದಿ ಮೂಳೆ ಕಡಿಯುವಾಗ ಮೇಲಿನ ಬಲಗಡೆ ದವಡೆ ಹಲ್ಲಿನ ಚಕ್ಕೆ ಎದ್ದು ಬಂತು. ಆ ಚೂರು ಎತ್ತಿಟ್ಟಿದ್ದೇವೆ. ಅವತ್ತು ಸ್ವಲ್ಪ ರಕ್ತ ಬಂದಿತ್ತು, ಆಮೇಲೆ ಏನೂ ಇಲ್ಲ, ಊಟ ಚೆನ್ನಾಗಿ ಮಾಡುತ್ತಾನೆ. ಒಬ್ಬರು ಬಿಟ್ಟುಬಿಡಿ ಎನ್ನುತ್ತಾರೆ, ಇನ್ನೊಬ್ಬರು ಕೀಳಿಸಿ ಎನ್ನುತ್ತಾರೆ. ನನ್ನ ಭಾವಮೈದ ಮೇಲೊಂದು ಸಿಮೆಂಟ್ ಹಾಕಿಸಿದರೆ ಸಾಕು ಎನ್ನುತ್ತಾನೆ. ಮುಂದಿನ ಕೋರೆ ಹಲ್ಲಿನ ತುದಿ ಕೂಡ ಸವೆದು ಕಂದು ಬಣ್ಣ ಆಗಿದೆ, ಸರಪಳಿ ಕಚ್ಚುವ ಅಭ್ಯಾಸ ಅವನಿಗೆ. ಮನೆಯಲ್ಲಿ ಮೂರು ತಿಂಗಳ ಮರಿಯೂ ಇದೆ. ಮೊನ್ನೆ ಗೋಣಿಚೀಲ ಎಳೆದಾಡುವಾಗ ಅದರ ಹಾಲು ಕೋರೆ ಮುರಿಯಿತು. ಅದು ಹೇಗೂ ಬೀಳುವ ಹಲ್ಲು, ಬಿಡಬಹುದಲ್ವಾ?

ಉತ್ತರ: ಚೂರು ಎತ್ತಿಟ್ಟಿದ್ದು ಒಳ್ಳೆಯದಾಯಿತು. ಆಸ್ಪತ್ರೆಗೆ ಬರುವಾಗ ಒಂದು ಡಬ್ಬಿಯಲ್ಲಿ ಹಾಕಿಕೊಂಡು ತನ್ನಿ. ಅದನ್ನು ವಾಪಸ್ ಅಂಟಿಸುವುದಕ್ಕಾಗುವುದಿಲ್ಲ, ಆದರೆ ಹಲ್ಲು ಎಲ್ಲಿಂದ ಎಲ್ಲಿಯವರೆಗೆ ಸೀಳಿದೆ ಎನ್ನುವುದು ಆ ಚೂರು ನೋಡಿದರೆ ಅರ್ಧ ಗೊತ್ತಾಗುತ್ತದೆ. ದಯವಿಟ್ಟು ಫೆವಿಕ್ವಿಕ್ ಹಾಕಲು ಹೋಗಬೇಡಿ. ನಗಬೇಡಿ, ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ನಾಯಿಯ ತುಟಿ ಒಸಡಿಗೆ ಅಂಟಿಕೊಂಡಿತ್ತು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡ ಮಾತು "ಅವತ್ತು ಸ್ವಲ್ಪ ರಕ್ತ ಬಂದಿತ್ತು" ಎನ್ನುವುದು. ಆ ರಕ್ತ ಒಸಡಿನಿಂದ ಬಂತಾ, ಹಲ್ಲಿನ ಒಳಗಿಂದ ಬಂತಾ? ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಎಷ್ಟು ದೊಡ್ಡ ಚೂರು ಹೋಯಿತು ಎಂದು ಎಲ್ಲರೂ ನೋಡುತ್ತಾರೆ. ನಾವು ನೋಡುವುದು ಒಳಗಿನ ತಿರುಳು ತೆರೆದುಕೊಂಡಿದೆಯಾ ಇಲ್ಲವಾ ಎಂದು. ಅಕ್ಕಿ ಕಾಳಿನಷ್ಟು ತುದಿ ಹೋಗಿ ತಿರುಳು ತೆರೆದಿರುವ ಹಲ್ಲಿಗೆ, ಅರ್ಧ ಮುರಿದರೂ ತಿರುಳು ಮುಚ್ಚಿರುವ ಹಲ್ಲಿಗಿಂತ ಅಪಾಯ ಜಾಸ್ತಿ.

ತಿರುಳು ಅಂದರೆ ಹಲ್ಲಿನ ನಡುವೆ ಇರುವ ಮೆತ್ತನೆಯ ಭಾಗ. ರಕ್ತನಾಳ, ನರ ಎಲ್ಲ ಅದರಲ್ಲೇ. ನಾವು ಮಾತಿನಲ್ಲಿ ಸುಮ್ನೆ "ನರ" ಎಂದುಬಿಡುತ್ತೇವೆ. ಅದರ ಸುತ್ತ ಡೆಂಟಿನ್ ಎಂಬ ಗಟ್ಟಿ ಪದರ, ಅದರ ಮೇಲೆ ಹೊಳೆಯುವ ಎನಾಮೆಲ್. ನಾಯಿಯ ಹಲ್ಲು ನೋಡಲು ಭಯಂಕರ, ಆದರೆ ಎನಾಮೆಲ್ ಮಾತ್ರ ನಮ್ಮದಕ್ಕಿಂತ ತೆಳು. ಹೆಚ್ಚಿನ ಕಡೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಒಮ್ಮೆ ಹೋದರೆ ಮತ್ತೆ ಬೆಳೆಯುವುದೂ ಇಲ್ಲ.

ಇನ್ನು ಕೆಂಚನ ಹಲ್ಲು. ಕಣ್ಣಿನ ಕೆಳಗೆ ಸರಿಯಾಗಿ ಬರುವ, ಮೇಲಿನ ದವಡೆಯ ಅತಿ ದೊಡ್ಡ ಹಲ್ಲು ಅದೇ ಇರಬೇಕು. ಇದಕ್ಕೂ ಕೆಳಗಿನ ದೊಡ್ಡ ದವಡೆ ಹಲ್ಲಿಗೂ ಅಡಕತ್ತರಿಯ ಸಂಬಂಧ. ಎರಡೂ ಒಂದರ ಪಕ್ಕ ಒಂದು ಜಾರಿ ಮಾಂಸ ಕತ್ತರಿಸುತ್ತವೆ. ದನದ ಹಾಗೆ ದವಡೆಯನ್ನು ಅಕ್ಕಪಕ್ಕ ಆಡಿಸಿ ಅರೆಯುವುದು ನಾಯಿಗೆ ಬರುವುದಿಲ್ಲ. ಅಡಕತ್ತರಿಗೆ ಅಡಿಕೆ ಕೊಟ್ಟರೆ ಸರಿ, ಕಲ್ಲು ಕೊಟ್ಟರೆ? ಹಾಗೆಯೇ ಗಟ್ಟಿ ಮೂಳೆ ನಡುವೆ ಸಿಕ್ಕಿದಾಗ ಮೇಲಿನ ಹಲ್ಲಿನ ಹೊರಮೈ ಉದ್ದಕ್ಕೆ ಚಕ್ಕೆ ಎದ್ದುಬಿಡುತ್ತದೆ, ಕೆಲವೊಮ್ಮೆ ಒಸಡಿನ ಒಳಗಿನವರೆಗೂ. ನಮ್ಮ ಕಡೆ ನಾನು ನೋಡುವ ಮುರಿದ ಹಲ್ಲುಗಳಲ್ಲಿ ಕೋರೆ ಬಿಟ್ಟರೆ ಇದೇ ಜಾಸ್ತಿ, ಅದರಲ್ಲೂ ಭಾನುವಾರದ ಮಾರನೇ ದಿನ.

ಮನೆಯಲ್ಲೇ ಒಂದು ಸಲ ನೋಡಿ. ಕೆಂಚ ನಿಮ್ಮ ಮಾತು ಕೇಳುವವನಾದರೆ, ಬಾಯಿ ಅಗಲಿಸುವುದು ಬೇಡ, ತುಟಿಯನ್ನು ಮೇಲಕ್ಕೆ ಎತ್ತಿದರೆ ಸಾಕು. ಇನ್ನೊಬ್ಬರು ಟಾರ್ಚ್ ಹಿಡಿದು ಫೋನಿನಲ್ಲಿ ಫೋಟೋ ತೆಗೆಯಲಿ. ಎಡಗಡೆಯದನ್ನೂ ತೆಗೆಯಿರಿ, ಹೋಲಿಸಿ ನೋಡಲು ಬೇಕು. ಮುರಿದ ಜಾಗದ ನಡುವೆ ಗುಲಾಬಿ ಅಥವಾ ಕೆಂಪು ಚುಕ್ಕೆ ಕಂಡರೆ ತಿರುಳು ಇನ್ನೂ ಜೀವಂತ ಇದೆ, ತೆರೆದಿದೆ. ಕಪ್ಪು ತೂತು ಕಂಡರೆ ತಿರುಳು ಸತ್ತಿದೆ, ಅಥವಾ ಸಾಯುತ್ತಿದೆ. ಬರೀ ಹಳದಿ ಅಥವಾ ಕೆನೆ ಬಣ್ಣದ ಒರಟು ಜಾಗ ಇದ್ದರೆ ಮುಚ್ಚಿರುವ ಸಾಧ್ಯತೆ ಇದೆ. ಪಿನ್ನು, ಹಲ್ಲುಕಡ್ಡಿ ಏನನ್ನೂ ಹಾಕಿ ಚುಚ್ಚಬೇಡಿ. ತಿರುಳು ತೆರೆದಿದ್ದರೆ ಎಂಥ ಸಾಧು ನಾಯಿಯೂ ಕಚ್ಚುತ್ತದೆ, ಅದರ ತಪ್ಪಲ್ಲ.

ಇಲ್ಲಿ ಕೆಂಚನಿಗೆ ಸಂಬಂಧ ಇಲ್ಲದ, ಆದರೆ ಬೇರೆ ಓದುಗರಿಗೆ ಹೇಳಲೇಬೇಕಾದ ಒಂದು ಮಾತಿದೆ. ನಾಯಿಯ ಕೆಳದವಡೆ ಜೋತು ಬಿದ್ದು, ಜೊಲ್ಲು ಸುರಿಯುತ್ತಾ, ನೀರು ನುಂಗಲೂ ಆಗದೆ, ಸ್ವಭಾವ ಬದಲಾಗಿ ಕೂತಿದ್ದರೆ "ಹಲ್ಲು ಮುರಿದಿರಬೇಕು, ಗಂಟಲಲ್ಲಿ ಮೂಳೆ ಸಿಕ್ಕಿರಬೇಕು" ಎಂದು ಬಾಯಿಗೆ ಕೈ ಹಾಕಬೇಡಿ. ರೇಬೀಸ್‌ನಲ್ಲಿ ಒಂದು ಬಗೆ ಹೀಗೇ ಇರುತ್ತದೆ, ನಾಯಿ ಕಚ್ಚಲು ಬರುವುದಿಲ್ಲ, ಸುಮ್ಮನೆ ಮೂಲೆ ಸೇರುತ್ತದೆ. ಮುಟ್ಟದೆ ಒಂದು ಕಡೆ ಕೂಡಿಹಾಕಿ, ದೂರ ಇದ್ದು ಪಶುವೈದ್ಯರಿಗೆ ಫೋನ್ ಮಾಡಿ. ಆಗಲೇ ಕೈ ಹಾಕಿಬಿಟ್ಟಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಮನುಷ್ಯರ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ. ಇದರಲ್ಲಿ ನಾಳೆ ಎನ್ನುವ ಮಾತಿಲ್ಲ.

ಸರಿ, ಕೆಂಚನ ಕಡೆ ಬರೋಣ. "ಊಟ ಚೆನ್ನಾಗಿ ಮಾಡುತ್ತಾನೆ." ಈ ಮಾತನ್ನು ನಾನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ನಾಯಿ ಊಟ ಬಿಡುವುದು ತುಂಬಾ ಕೊನೆಗೆ. ದವಡೆ ಮೂಳೆಯೇ ಮುರಿದಿದ್ದ ನಾಯಿ ಮುದ್ದೆಗೆ ಬಾಯಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದರಲ್ಲೂ ಲ್ಯಾಬ್ರಡಾರ್ ರಕ್ತ ಸ್ವಲ್ಪ ಇದ್ದರೆ ಊಟದ ಮೇಲೆ ನೋವು ಅಳೆಯಲು ಹೋಗಲೇಬೇಡಿ. ಬೇರೆ ಸುಳಿವು ನೋಡಿ. ಎಡಗಡೆಯೇ ಅಗಿಯುತ್ತಾನಾ? ಬಲಗಡೆ ಹಲ್ಲುಗಳ ಮೇಲೆ ಮಾತ್ರ ಪಾಚಿ ಕಟ್ಟಿದೆಯಾ? ಉಪಯೋಗಿಸದ ಕಡೆ ಬೇಗ ಕಟ್ಟುತ್ತದೆ. ಗಟ್ಟಿ ತಿಂಡಿ ಬಾಯಿಗೆ ತೆಗೆದುಕೊಂಡು ಮತ್ತೆ ಕೆಳಗೆ ಹಾಕುತ್ತಾನಾ? ತಲೆ ಸವರಲು ಹೋದರೆ ಮುಖ ತಿರುಗಿಸುತ್ತಾನಾ? ಎಷ್ಟೋ ಸಲ ಮನೆಯವರಿಗೆ ಗೊತ್ತಾಗುವುದು ಚಿಕಿತ್ಸೆ ಆದ ಮೇಲೆ. "ಸಾರ್, ಇವನು ಮತ್ತೆ ಮರಿ ಆಗಿದ್ದಾನೆ" ಎನ್ನುತ್ತಾರೆ. ಅಂದರೆ ಅಷ್ಟು ದಿನ ಅದು ನೋವು ನುಂಗಿಕೊಂಡಿತ್ತು, ನಾವು ವಯಸ್ಸಾಯಿತು ಎಂದುಕೊಂಡಿದ್ದೆವು.

ಹಾಗಾದರೆ "ಬಿಟ್ಟುಬಿಡಿ" ಎಂದವರ ಮಾತು? ತಿರುಳು ತೆರೆದಿದ್ದರೆ ಅದೊಂದನ್ನು ಮಾತ್ರ ಮಾಡಬೇಡಿ. ತೆರೆದ ತಿರುಳಿಗೆ ಬಾಯಿಯ ಕ್ರಿಮಿ ಇಳಿಯುತ್ತವೆ. ಕೆಲವು ದಿನ, ವಾರ ಜೋರು ನೋವು. ಆಮೇಲೆ ತಿರುಳು ಸಾಯುತ್ತದೆ, ನೋವು ಕಡಿಮೆ ಆದ ಹಾಗೆ ಕಾಣುತ್ತದೆ, "ನೋಡಿ, ತಾನೇ ವಾಸಿ ಆಯಿತು" ಎಂದು ಎಲ್ಲರೂ ಮರೆಯುತ್ತಾರೆ. ಸೋಂಕು ಮಾತ್ರ ಬೇರಿನ ತುದಿಯಿಂದ ಆಚೆ ಹೋಗಿ ದವಡೆ ಮೂಳೆ ತಿನ್ನುತ್ತಾ ಕೀವು ಕಟ್ಟುತ್ತಿರುತ್ತದೆ. ಇದಕ್ಕೆ ತಿಂಗಳುಗಳು ಬೇಕಾಗಬಹುದು, ವರ್ಷವೂ ಬೇಕಾಗಬಹುದು. ಒಂದು ದಿನ ಬೆಳಗ್ಗೆ ಕಣ್ಣಿನ ಕೆಳಗೆ ಊತ.

ಈ ಊತದ ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ತಾಲ್ಲೂಕು ಆಸ್ಪತ್ರೆ. ತೋಟದ ನಾಯಿಯೊಂದನ್ನು ಜೀಪಿನಲ್ಲಿ ತಂದರು, ಕಣ್ಣಿನ ಕೆಳಗೆ ಸಣ್ಣ ಗಾಯ, ಕೀವು. ಮುಳ್ಳು ಚುಚ್ಚಿರಬೇಕು ಎಂದುಕೊಂಡು ಆಂಟಿಬಯಾಟಿಕ್ ಬರೆದೆ. ಒಣಗಿತು. ತಿಂಗಳು ಬಿಟ್ಟು ಮತ್ತೆ ಬಂದರು, ಮತ್ತೆ ಬರೆದೆ, ಮತ್ತೆ ಒಣಗಿತು. ಮೂರನೇ ಸಲ ಬಂದಾಗ ಪಕ್ಕದಲ್ಲಿದ್ದ ಹಿರಿಯ ಡಾಕ್ಟರು ಮಾತೇ ಆಡದೆ ನಾಯಿಯ ತುಟಿ ಎತ್ತಿದರು. ಒಳಗೆ ಅದೇ ದೊಡ್ಡ ಹಲ್ಲು, ಚಕ್ಕೆ ಹಾರಿ, ನಡುವೆ ಕಡ್ಡಿ ತೂರಿಸುವಷ್ಟು ಕಪ್ಪು ತೂತು. ನಾನು ಮೂರು ತಿಂಗಳು ಬಾಗಿಲಿಗೆ ಔಷಧಿ ಹಚ್ಚುತ್ತಿದ್ದೆ, ಬೆಂಕಿ ಅಡುಗೆಮನೆಯಲ್ಲಿತ್ತು. ಹಲ್ಲು ತೆಗೆದ ಮೇಲೆ ಆ ಗಾಯ ಮತ್ತೆ ಬರಲಿಲ್ಲ. ಸತ್ತ ತಿರುಳಿಗೆ ರಕ್ತ ಓಡುವುದಿಲ್ಲ, ರಕ್ತ ಓಡದ ಜಾಗಕ್ಕೆ ಮಾತ್ರೆಯೂ ತಲುಪುವುದಿಲ್ಲ. ಆದ್ದರಿಂದ ಬರೀ ಮಾತ್ರೆ, ಇಂಜೆಕ್ಷನ್‌ಗಳಿಂದ ಇದು ಮುಗಿಯುವ ಕಥೆ ಅಲ್ಲ. ಯಾರಾದರೂ ಮೂರನೇ ಕೋರ್ಸ್ ಬರೆಯುತ್ತಿದ್ದರೆ ತುಟಿ ಎತ್ತಿ ನೋಡಿ ಎಂದು ನೀವೇ ಹೇಳಿ.

ಭಾವಮೈದನ ಸಿಮೆಂಟಿಗೆ ಬರೋಣ. ನೀವು ಕಾಫಿ ಬೆಳೆಯುವವರು, ಅರೇಬಿಕಾ ಗಿಡಕ್ಕೆ ಕಾಂಡಕೊರಕ ಬಾರದಿರಲಿ ಎಂದು ಸುಣ್ಣ ಬಳಿಯುವುದು ಗೊತ್ತಲ್ವಾ. ಹುಳ ಒಳಗೆ ಹೊಕ್ಕ ಮೇಲೆ ಬಳಿದರೆ? ಗಿಡ ಹೊರಗೆ ಬೆಳ್ಳಗೆ, ಒಳಗೆ ಟೊಳ್ಳು. ತಿರುಳು ತೆರೆದ ಹಲ್ಲಿನ ಒಳಗನ್ನು ಶುಚಿ ಮಾಡದೆ ಮೇಲೆ ಮುಚ್ಚಿದರೆ ಹಾಗೆಯೇ, ಕ್ರಿಮಿಗಳನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಆದರೆ ಭಾವಮೈದನ ಮಾತು ಪೂರ್ತಿ ತಪ್ಪೂ ಅಲ್ಲ. ತಿರುಳು ತೆರೆಯದೆ ಬರೀ ಡೆಂಟಿನ್ ಕಾಣುತ್ತಿದ್ದರೆ, ಚೂಪು ಅಂಚನ್ನು ನಯ ಮಾಡಿ ಮೇಲೊಂದು ಲೇಪ ಹಾಕಿ ಮುಚ್ಚುವುದೇ ಚಿಕಿತ್ಸೆ. ಡೆಂಟಿನ್‌ನಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ಕೊಳವೆಗಳಿವೆ. ತಣ್ಣೀರು ತಾಗಿದರೆ ಜುಮ್ಮೆನ್ನುವುದು ಅವುಗಳಿಂದ, ಕ್ರಿಮಿ ಒಳಗೆ ಇಳಿಯುವ ದಾರಿಯೂ ಅವೇ. ಅವನ್ನು ಮುಚ್ಚಬೇಕು. ಮುಚ್ಚುವ ಮುಂಚೆ ಎಕ್ಸ್‌ರೇ, ಆರು ತಿಂಗಳಿಗೋ ವರ್ಷಕ್ಕೋ ಮತ್ತೊಂದು ಎಕ್ಸ್‌ರೇ. ಏಕೆಂದರೆ ಇಂಥ ಹಲ್ಲುಗಳಲ್ಲೂ ಕೆಲವು ಒಳಗೊಳಗೇ ಸಾಯುತ್ತವೆ.

ಎಕ್ಸ್‌ರೇ ಎಂದರೆ ಎದೆಗೆ, ಕಾಲಿಗೆ ತೆಗೆಯುವ ದೊಡ್ಡದಲ್ಲ, ಬಾಯಿಯ ಒಳಗೆ ಇಟ್ಟು ತೆಗೆಯುವ ಪುಟ್ಟ ಹಲ್ಲಿನ ಎಕ್ಸ್‌ರೇ. ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಭಾಗ ಒಸಡಿನ ಒಳಗೇ ಇರುತ್ತದೆ, ಕಣ್ಣಿಗೆ ಕಾಣುವುದನ್ನಷ್ಟೇ ನಂಬಿ ಕೆಲಸ ಮಾಡಲಾಗುವುದಿಲ್ಲ. ಇದು ಎಲ್ಲ ಕಡೆ ಇರುವುದಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಶಿವಮೊಗ್ಗದಲ್ಲಿದೆ, ಬೆಂಗಳೂರಿನ ಹೆಬ್ಬಾಳದಲ್ಲಿದೆ. ಹೊರಡುವ ಮುಂಚೆ ಫೋನ್ ಮಾಡಿ "ನಾಯಿಯ ಹಲ್ಲಿನ ಎಕ್ಸ್‌ರೇ ಇದೆಯಾ, ಹಲ್ಲು ಕೊರೆಯುವ ಡ್ರಿಲ್ ಇದೆಯಾ, ಕೊಳವೆ ಹಾಕಿ ಅರಿವಳಿಕೆ ಕೊಡುತ್ತೀರಾ" ಎಂದು ಮೂರನ್ನೂ ಕೇಳಿ. ಖಾಸಗಿ ಕ್ಲಿನಿಕ್ ಆದರೂ ಅಷ್ಟೇ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಬೇರೆ ಕಡೆ ನೋಡಿ.

ಈಗ ತಿರುಳು ತೆರೆದಿದೆ ಎಂದೇ ಇಟ್ಟುಕೊಳ್ಳೋಣ, ನನಗೆ ಹಾಗೇ ಅನಿಸುತ್ತಿದೆ.

ಮುರಿದ 48 ಗಂಟೆಯೊಳಗೆ ಬಂದಿದ್ದರೆ ಜೀವಂತ ತಿರುಳನ್ನೇ ಉಳಿಸುವ ಒಂದು ದಾರಿ ಇತ್ತು. ಮೇಲಿನ ಕೆಲವು ಮಿಲಿಮೀಟರ್ ಕೆಟ್ಟ ತಿರುಳು ತೆಗೆದು, ಎಂಟಿಎ ಎಂಬ ಔಷಧದ ಪುಡಿ ಕಲಸಿ ಇಟ್ಟು, ಮೇಲೆ ಗಟ್ಟಿ ಮುಚ್ಚಳ ಹಾಕುತ್ತಾರೆ. ಅಂದ ಹಾಗೆ ಈ ಎಂಟಿಎ ನಾವು ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹತ್ತಿರದ ಸಂಬಂಧಿ, ಭಾವಮೈದನಿಗೆ ಹೇಳಿ, ಖುಷಿಯಾಗುತ್ತಾನೆ. ಒಂದೂವರೆ ವರ್ಷದ ಒಳಗಿನ ನಾಯಿಗಳಲ್ಲಿ ಇದು ಬಹಳ ಮುಖ್ಯ. ಅವುಗಳ ಹಲ್ಲಿನ ಗೋಡೆ ಇನ್ನೂ ತೆಳು, ತಿರುಳು ಬದುಕಿದ್ದರೆ ಮಾತ್ರ ಹಲ್ಲು ಒಳಗಿಂದ ದಪ್ಪವಾಗುತ್ತಾ ಗಟ್ಟಿಯಾಗುತ್ತದೆ. ದಿನ ಕಳೆದ ಹಾಗೆ ಇದು ಯಶಸ್ವಿಯಾಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ನಿಮಗೆ ಹತ್ತು ದಿನ ಆಗಿದೆ, ಕೆಂಚನಿಗೆ ಮೂರು ವರ್ಷ. ಈ ದಾರಿ ಮುಚ್ಚಿತು ಎಂದೇ ತಿಳಿಯಿರಿ.

ಉಳಿದದ್ದು ಎರಡು. ರೂಟ್ ಕೆನಾಲ್, ಇಲ್ಲವೇ ಕೀಳುವುದು.

ರೂಟ್ ಕೆನಾಲ್ ನಮಗೆ ಮಾಡುವ ಹಾಗೆಯೇ. ತಿರುಳನ್ನು ಬೇರಿನ ತುದಿಯವರೆಗೆ ಪೂರ್ತಿ ತೆಗೆದು, ತೊಳೆದು, ಗಟಾಪರ್ಚ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಇದೂ ರಬ್ಬರಿನ ಹಾಗೆ ಮರದ ಹಾಲಿನಿಂದಲೇ ಬಂದದ್ದು. ಹಲ್ಲಿಗೆ ಜೀವ ಇರುವುದಿಲ್ಲ, ಆದರೆ ಇದ್ದ ಜಾಗದಲ್ಲಿ ಗಟ್ಟಿಯಾಗಿ ನಿಂತು ಕೆಲಸ ಮಾಡುತ್ತದೆ. ಕೆಂಚನ ಈ ಹಲ್ಲಿಗೆ ಮೂರು ಬೇರು, ಮುಂದೆ ಎರಡು, ಹಿಂದೆ ಒಂದು. ಮೂರನ್ನೂ ಮಾಡಬೇಕು. ಆದ ಮೇಲೆ ಲೋಹದ ಕ್ಯಾಪ್ ಹಾಕಿಸಿದರೆ ಒಳ್ಳೆಯದು. ಬಿಳಿ ಕ್ಯಾಪ್ ನಾಯಿಯ ಕಡಿತಕ್ಕೆ ನಿಲ್ಲುವುದಿಲ್ಲ, ಪೊಲೀಸ್ ನಾಯಿಗಳ ಕೋರೆಗೆ ಲೋಹದ್ದನ್ನು ಹಾಕುವುದು ಇದೇ ಕಾರಣಕ್ಕೆ. ಇದೆಲ್ಲಕ್ಕೆ ಬೆಂಗಳೂರಿಗೆ ಹೋಗಬೇಕಾಗಬಹುದು, ಒಂದಕ್ಕಿಂತ ಹೆಚ್ಚು ಸಲ ಅರಿವಳಿಕೆ, ಖರ್ಚೂ ಜಾಸ್ತಿ. ಚಕ್ಕೆ ಒಸಡಿನೊಳಗೆ ತುಂಬಾ ಆಳಕ್ಕೆ ಹೋಗಿದ್ದರೆ ಇದನ್ನೂ ಮಾಡಲಾಗುವುದಿಲ್ಲ.

"ನಮ್ಮ ಪರಿಚಯದ ಮನುಷ್ಯರ ಡೆಂಟಿಸ್ಟ್ ಇದ್ದಾರೆ, ಅವರಿಂದ ಮಾಡಿಸಬಹುದಾ" ಎಂದು ಕೇಳುವವರಿದ್ದಾರೆ. ಕೈಚಳಕ ಅವರಿಗೆ ನಮಗಿಂತ ಜಾಸ್ತಿ, ಒಪ್ಪುತ್ತೇನೆ. ಆದರೆ ಅರಿವಳಿಕೆ, ಔಷಧಿಯ ಪ್ರಮಾಣ ಎಲ್ಲ ಪಶುವೈದ್ಯರದು, ಅವರು ಪಕ್ಕದಲ್ಲಿರಲೇಬೇಕು. ಉಪಕರಣವೂ ಅಡ್ಡ ಬರುತ್ತದೆ. ಮನುಷ್ಯರ ಹಲ್ಲು ಶುಚಿ ಮಾಡುವ ಸೂಜಿ ಸಾಮಾನ್ಯವಾಗಿ 21ರಿಂದ 31 ಮಿಲಿಮೀಟರ್ ಉದ್ದ. ದೊಡ್ಡ ನಾಯಿಯ ಕೋರೆ ಹಲ್ಲಿನ ಬೇರಿನ ತುದಿಗೆ ಅದು ಮುಟ್ಟುವುದೇ ಇಲ್ಲ, ಅದಕ್ಕೆ ಬೇರೆ ಉದ್ದನೆಯ ಸೂಜಿ ಬೇಕು.

ಕೀಳಿಸುವುದು ಎಂದರೆ ಸೋತ ಹಾಗೆ ಎಂದುಕೊಳ್ಳಬೇಡಿ. ನನ್ನನ್ನು ಕೇಳಿದರೆ ಮೂಡಿಗೆರೆಯ ತೋಟದಲ್ಲಿರುವ ಕೆಂಚನಿಗೆ ಇದೇ ಸರಿ. ಬೆಂಗಳೂರಿಗೆ ಎರಡು ಮೂರು ಸಲ ಓಡಾಡುವ ಶಕ್ತಿ, ಮನಸ್ಸು ಎರಡೂ ಇದ್ದರೆ ರೂಟ್ ಕೆನಾಲ್ ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ದವಡೆ ಹಲ್ಲು ಒಂದು ಹೋದರೆ ನಾಯಿಗೆ ನಷ್ಟ ಕಡಿಮೆ. ಅದು ನಮ್ಮ ಹಾಗೆ 32 ಸಲ ಅಗಿದು ಉಣ್ಣುವ ಪ್ರಾಣಿ ಅಲ್ಲ, ನುಂಗುವುದೇ ಜಾಸ್ತಿ. ಬೆಳೆದ ನಾಯಿಗೆ ಒಟ್ಟು 42 ಹಲ್ಲು, 41ರಲ್ಲಿ ಆರಾಮವಾಗಿ ಬದುಕುತ್ತದೆ. ಕೆಟ್ಟ ಹಲ್ಲು ಇಟ್ಟುಕೊಂಡ ಬಾಯಿಗಿಂತ ಹಲ್ಲು ಇಲ್ಲದ ಬಾಯಿ ಎಷ್ಟೋ ವಾಸಿ.

ಆದರೆ ಕೀಳುವುದು ಅಂದರೆ ಇಕ್ಕಳ ಹಾಕಿ ಎಳೆಯುವುದಲ್ಲ. ಮೂರು ಬೇರಿನ ಹಲ್ಲು, ಎಳೆದರೆ ಬೇರು ಮುರಿದು ಒಳಗೇ ಉಳಿಯುತ್ತದೆ, ಕೀವು ಮತ್ತೆ ಶುರು. ಒಸಡನ್ನು ಬಿಡಿಸಿ, ಹಲ್ಲನ್ನು ಡ್ರಿಲ್‌ನಲ್ಲಿ ಮೂರು ತುಂಡು ಮಾಡಿ, ಒಂದೊಂದೇ ಬೇರನ್ನು ಸಡಿಲಿಸಿ ತೆಗೆದು, ಒಸಡನ್ನು ತಾನೇ ಕರಗುವ ದಾರದಲ್ಲಿ ಹೊಲಿಯಬೇಕು. ಎಲ್ಲ ಬಂತಾ ಎಂದು ಕೊನೆಗೊಂದು ಎಕ್ಸ್‌ರೇ. ನಾಯಿಗೆ ಪೂರ್ತಿ ಅರಿವಳಿಕೆ ಇರಬೇಕು, ಶ್ವಾಸನಾಳಕ್ಕೆ ಕೊಳವೆ ಇರಬೇಕು, ಇಲ್ಲದಿದ್ದರೆ ಡ್ರಿಲ್ಲಿನ ನೀರು, ರಕ್ತ ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಭಾಗ ಮರಗಟ್ಟಿಸುವ ಇಂಜೆಕ್ಷನ್ನೂ ಕೊಡುತ್ತಾರೆ, ಎಚ್ಚರ ಆದಾಗ ನೋವು ಕಡಿಮೆ ಇರುತ್ತದೆ. ನಾಲ್ಕು ಜನ ಹಿಡಿದುಕೊಂಡು ಎಚ್ಚರದಲ್ಲೇ ಕಿತ್ತು ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ.

ನಮ್ಮ ಮಲೆನಾಡಿಗೆ ಸೇರಿದ ಇನ್ನೊಂದು ಎಚ್ಚರಿಕೆ. ತೋಟದ ನಾಯಿಗೆ ಉಣುಗು ತಪ್ಪಿದ್ದಲ್ಲ, ಉಣುಗಿನಿಂದ ಟಿಕ್ ಫೀವರ್ ತಪ್ಪಿದ್ದಲ್ಲ. ಹೊರಗಿಂದ ಲವಲವಿಕೆಯಿಂದ ಇರುವ ನಾಯಿಯ ರಕ್ತದಲ್ಲೂ ಪ್ಲೇಟ್‌ಲೆಟ್ ಇಳಿದಿರಬಹುದು. ಆಗ ಹಲ್ಲು ಕಿತ್ತರೆ ರಕ್ತ ನಿಲ್ಲುವುದಿಲ್ಲ. ಆದ್ದರಿಂದ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಣಿಕೆ ಅದರಲ್ಲಿ ಇರಲೇಬೇಕು. ಕಡಿಮೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಹಲ್ಲು ಎರಡು ವಾರ ತಡವಾದರೂ ಪರವಾಗಿಲ್ಲ.

ಅಲ್ಲಿಯವರೆಗೆ ಮೆತ್ತನೆಯ ಊಟ ಕೊಡಿ. ಕಲಸಿದ ಅನ್ನ, ಮೂಳೆ ಬಿಡಿಸಿದ ಬೇಯಿಸಿದ ಕೋಳಿ, ತೆಳ್ಳಗೆ ಮಾಡಿದ ಮುದ್ದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಕಿತ್ತ ಮೇಲೂ ಹತ್ತು ಹದಿನಾಲ್ಕು ದಿನ ಇದೇ ಊಟ. ನೋವಿಗೆಂದು ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಕೊಡಬೇಡಿ, ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ನಾಯಿಗೆ ನಾಯಿಯದೇ ನೋವಿನ ಔಷಧಿ ಇದೆ, ತೂಕ ನೋಡಿ ಬರೆಸಿಕೊಳ್ಳಿ. ಲವಂಗದ ಎಣ್ಣೆ, ನಮ್ಮ ಟೂತ್‌ಪೇಸ್ಟ್ ಯಾವುದೂ ಬೇಡ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.

ಕೋರೆ ಹಲ್ಲಿನ ತುದಿ ಕಂದು ಆಗಿದೆ ಎಂದಿರಲ್ಲ, ಅದು ಬಹುಶಃ ಬೇರೆ ಕಥೆ. ನಿಧಾನವಾಗಿ ಸವೆಯುವಾಗ ಹಲ್ಲು ತಾನೇ ಒಳಗಿಂದ ಹೊಸ ಡೆಂಟಿನ್ ಕಟ್ಟಿಕೊಳ್ಳುತ್ತದೆ, ಅದರ ಬಣ್ಣ ಕಂದು. ನಯವಾಗಿ, ಹೊಳೆಯುತ್ತಾ, ತೂತು ಇಲ್ಲದೆ ಇದ್ದರೆ ಹೆದರುವುದು ಬೇಡ. ನಾವು ಪರೀಕ್ಷಿಸುವಾಗ ಸಣ್ಣ ಕೊಕ್ಕೆಯ ತುದಿ ಜಾರಿಹೋದರೆ ಸರಿ, ಸಿಕ್ಕಿಕೊಂಡರೆ ತಿರುಳು ತೆರೆದಿದೆ ಎಂದರ್ಥ. ಇಡೀ ಹಲ್ಲು ಬೂದಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಮಾತ್ರ, ಮುರಿಯದಿದ್ದರೂ, ಒಳಗೆ ಸತ್ತಿರುವ ಸಾಧ್ಯತೆಯೇ ಜಾಸ್ತಿ. ಕೆಂಚನನ್ನು ದವಡೆ ಹಲ್ಲಿಗೆ ಮಲಗಿಸಿದಾಗ ಇದಕ್ಕೂ ಒಂದು ಎಕ್ಸ್‌ರೇ ತೆಗೆಸಿಬಿಡಿ.

ಸರಪಳಿ ಕಚ್ಚುವವರ ಕೋರೆ ಹಿಂಭಾಗದಲ್ಲಿ ಸವೆಯುತ್ತದೆ, ಒಂದು ದಿನ ಪಟ್ ಎಂದು ಮುರಿಯುತ್ತದೆ. ಗೇಟಿನಾಚೆ ಮಂಗಗಳ ಹಿಂಡು ಹೋಗುವಾಗ ಕಟ್ಟಿಹಾಕಿದ ನಾಯಿ ಇನ್ನೇನು ಮಾಡಬೇಕು ಹೇಳಿ. ಎರಡು ಕಂಬಗಳ ನಡುವೆ ಉದ್ದ ತಂತಿ ಎಳೆದು ಸರಪಳಿಯ ಬಳೆ ಅದರ ಮೇಲೆ ಓಡುವ ಹಾಗೆ ಮಾಡಿ, ದಿನಕ್ಕೆ ಎರಡು ಸಲವಾದರೂ ಬಿಚ್ಚಿ ಬಿಡಿ. ಕಚ್ಚುವುದು ಕಡಿಮೆ ಆಗುತ್ತದೆ. "ಕೋರೆ ಹೋದರೆ ಕಾವಲಿಗೆ ಏನು ಗತಿ" ಎಂದು ನಿಮ್ಮ ಕಡೆ ಕೇಳುತ್ತಾರೆ, ಕಳ್ಳ ಓಡುವುದು ಬೊಗಳುವ ಸದ್ದಿಗೆ, ಹಲ್ಲು ಎಣಿಸಲು ಯಾರೂ ನಿಲ್ಲುವುದಿಲ್ಲ.

ಮೂಳೆಯ ವಿಷಯ ಹೇಳಿದರೆ ಬೈದುಕೊಳ್ಳುತ್ತೀರಿ, ಆದರೂ ಹೇಳುತ್ತೇನೆ. ಹೆಬ್ಬೆರಳ ಉಗುರು ಒತ್ತಿ ನೋಡಿ. ಗುರುತು ಬೀಳದಷ್ಟು ಗಟ್ಟಿ ವಸ್ತು ನಾಯಿಯ ಹಲ್ಲಿಗೂ ಗಟ್ಟಿ. ತೊಡೆಮೂಳೆ, ದನದ ಗೊರಸು, ಅಂಗಡಿಯಲ್ಲಿ ಈಗ ಬರುವ ಚುರ್ಪಿ ಎಂಬ ಕಲ್ಲಿನಂಥ ಒಣ ಚೀಸ್, ಹಳ್ಳದ ಕಲ್ಲು ಎಲ್ಲ ಈ ಪಟ್ಟಿಗೇ. ಬೇಯಿಸಿದ ಮೂಳೆ ಚೂರಾಗಿ ಕರುಳು ಚುಚ್ಚುತ್ತದೆ, ಹಸಿ ಮೂಳೆ ಚುಚ್ಚದಿದ್ದರೂ ಹಲ್ಲು ಮುರಿಯುತ್ತದೆ. ಮಕ್ಕಳು ಆಟಕ್ಕೆ ಕಲ್ಲು ಎಸೆದು ಹಿಡಿಸುವುದನ್ನು ಮೊದಲು ನಿಲ್ಲಿಸಿ. ತೋಟದಲ್ಲಿ ಬಿದ್ದು ಸಿಕ್ಕಿದ ಜಿಂಕೆ, ಕಡವೆ ಕೊಂಬನ್ನು ಕಡಿಯಲು ಕೊಡುವವರೂ ಇದ್ದಾರೆ. ಹಲ್ಲಂತೂ ಹೋಗುತ್ತದೆ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. 2023ರಲ್ಲಿ ಹುಲಿ ಉಗುರಿನ ಗಲಾಟೆ ಎಷ್ಟು ದೂರ ಹೋಯಿತು ನೆನಪಿದೆಯಲ್ವಾ. ಕಡಿಯಲು ಏನಾದರೂ ಬೇಕೇ ಬೇಕು ಎಂದರೆ ಒತ್ತಿದರೆ ಬಗ್ಗುವ ಗಟ್ಟಿ ರಬ್ಬರ್ ಆಟಿಕೆ ಕೊಡಿ.

ಕೊನೆಗೆ ಮರಿ. ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ಆಸ್ಪತ್ರೆಗೆ ಮೊದಲು ಬರಬೇಕಾದದ್ದು ಅದೇ. ಮರಿಗೆ 28 ಹಾಲು ಹಲ್ಲು, ಆರೇಳು ತಿಂಗಳೊಳಗೆ ಉದುರಿ ಹೊಸದು ಬರುತ್ತವೆ, ನಿಜ. ಆದರೆ ಮುರಿದ ಹಾಲು ಕೋರೆಯ ಬೇರಿನ ಪಕ್ಕದಲ್ಲೇ ಶಾಶ್ವತ ಕೋರೆಯ ಮೊಳಕೆ ಕೂತಿದೆ. ಹಾಲು ಹಲ್ಲಿನ ತಿರುಳಿನಿಂದ ಇಳಿದ ಸೋಂಕು ಆ ಮೊಳಕೆಗೆ ತಾಗಿದರೆ ಮುಂದೆ ಬರುವ ಹಲ್ಲು ಎನಾಮೆಲ್ ಇಲ್ಲದೆ, ಸೊಟ್ಟಗೆ ಬರಬಹುದು. ಹಾಲು ಕೋರೆ ತಾನಾಗಿ ಉದುರಲು ಇನ್ನೂ ಎರಡು ಮೂರು ತಿಂಗಳಿದೆ, ಅಷ್ಟು ದಿನ ಕಾಯುವ ಹಾಗಿಲ್ಲ. ತೆಗೆಸಬೇಕು, ಅದೂ ಜೋಪಾನವಾಗಿ. ಹಾಲು ಕೋರೆಯ ಬೇರು ಉದ್ದ, ಬಳುಕುವಷ್ಟು ತೆಳು, ಅವಸರ ಮಾಡಿದರೆ ಮುರಿಯುತ್ತದೆ ಅಥವಾ ಪಕ್ಕದ ಮೊಳಕೆಗೆ ಪೆಟ್ಟಾಗುತ್ತದೆ.

ಇಬ್ಬರನ್ನೂ ಒಂದೇ ದಿನ ತರುವುದಾದರೆ ಒಂದು ಮಾತು. ಅರಿವಳಿಕೆಗೆ ಕೆಂಚನನ್ನು ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿ ಇಡಿ, ನೀರು ಕೊಡಬಹುದು. ಮರಿಯನ್ನು ಹಾಗೆ ರಾತ್ರಿಯಿಡೀ ಉಪವಾಸ ಕೆಡವಬೇಡಿ, ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತದೆ. ಅದಕ್ಕೆ ಎಷ್ಟು ಗಂಟೆ ಸಾಕು ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಮರಿಗೆ ತಿನ್ನಿಸುವಾಗ ಕೆಂಚನನ್ನು ಬೇರೆ ಕಡೆ ಕಟ್ಟಿ, ಬಟ್ಟಲು ಅವನಿಗೆ ಎಟುಕದ ಹಾಗೆ ಇಡಿ, ಲ್ಯಾಬ್ರಡಾರ್ ರಕ್ತ ಅಲ್ವಾ.